ಒಂದು ಅಗುಳು, ಒಂದು ಹಿಡಿ: ಸಮೀಕ್ಷೆಗಳ ಚರಿತ್ರೆಯಲ್ಲಿ ಎಣಿಕೆಗೆ ಸಿಗದವರು



ಅನ್ನ ಬೆಂದಿದೆಯೇ ಎಂದು ತಿಳಿಯಲು ಇಡೀ ಪಾತ್ರೆಯನ್ನು ಖಾಲಿ ಮಾಡಬೇಕಾಗಿಲ್ಲ, ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕು ಎಂಬುದು ನಮ್ಮ ಅಡುಗೆಮನೆಯ ಮಾತು. ಉರ್ದು ಓದಿದವರಿಗೆ ಇದೇ ಅರ್ಥದ ಇನ್ನೊಂದು ಮಾತು ಗೊತ್ತಿರುತ್ತದೆ: ‘ಮುಷ್ತೆ ನಮೂನಾ ಅಜ್ ಖರ್ವಾರೆ’. ಒಂದು ಹೇರಿನ ರಾಶಿಯಿಂದ ತೆಗೆದ ಒಂದು ಹಿಡಿ ಎಂದು ಅದರ ಅರ್ಥ. ಕನ್ನಡದಲ್ಲಿ ನಾವು ದಿನವೂ ಬಳಸುವ ‘ನಮೂನೆ’ ಎಂಬ ಪದವೂ ಅದೇ ಫಾರ್ಸಿಯಿಂದ ಬಂದದ್ದು. ಇಂದು ಸರ್ಕಾರಗಳೂ ವಿಶ್ವವಿದ್ಯಾಲಯಗಳೂ ನಡೆಸುವ ‘ಮಾದರಿ ಸಮೀಕ್ಷೆ’ಯ ತಿರುಳೆಲ್ಲ ಈ ಎರಡು ಗಾದೆಗಳಲ್ಲಿ ಅಡಗಿದೆ.

ಆದರೆ ಎರಡು ಗಾದೆಗಳಲ್ಲೂ ಬಾಯಿಬಿಟ್ಟು ಹೇಳದ ಒಂದು ಷರತ್ತು ಇದೆ. ಪಾತ್ರೆಯನ್ನು ಕದಡಿರಬೇಕು, ರಾಶಿಯನ್ನು ಬೆರೆಸಿರಬೇಕು. ತಳದ ಅನ್ನ ಸೀದು ಮೇಲಿನ ಅನ್ನ ಅರೆಬೆಂದಿದ್ದರೆ ಮಧ್ಯದ ಒಂದು ಅಗುಳು ಸುಳ್ಳು ಹೇಳುತ್ತದೆ. ತಿಪಟೂರಿನ ಮಾರುಕಟ್ಟೆ ಕಂಡ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೀಲದ ಬಾಯಲ್ಲಿ ಕಾಣುವ ನಾಲ್ಕು ಉಂಡೆ ಕೊಬ್ಬರಿಯನ್ನು ನೋಡಿ ಇಡೀ ಚೀಲಕ್ಕೆ ಬೆಲೆ ಕಟ್ಟುವ ವ್ಯಾಪಾರಿ ಬಹಳ ದಿನ ವ್ಯಾಪಾರ ಮಾಡಲಾರ. ಅವನು ಚೀಲದ ಒಳಕ್ಕೆ ಕೈ ಹಾಕುತ್ತಾನೆ.

ಈ ಲೇಖನವನ್ನು ನಾನು ಬರೆಯಲು ಕಾರಣ ನಾನೇ ಮಾಡಿದ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಜುಮಾ ದಿನದ ಸಮೀಕ್ಷೆ

ಕೆಲವು ವರ್ಷಗಳ ಹಿಂದೆ ದಬ್ಬೇಘಟ್ಟ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಮ್ಮ ಸಮುದಾಯದ ಎಷ್ಟು ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿ ನಂತರ ಓದು ಬಿಡುತ್ತಿದ್ದಾರೆ ಎಂದು ತಿಳಿಯಬೇಕೆಂದು ಕೆಲವು ಹಿರಿಯರು ಬಯಸಿದರು. ಒಂದಿಷ್ಟು ಹಣ ಸೇರಿತ್ತು. ಅದನ್ನು ಹೆಣ್ಣುಮಕ್ಕಳ ಕಾಲೇಜು ಶುಲ್ಕಕ್ಕೂ ಬಸ್ ಪಾಸಿಗೂ ಕೊಡಬೇಕೇ ಅಥವಾ ಹುಡುಗರ ಕಂಪ್ಯೂಟರ್ ತರಬೇತಿಗೆ ಕೊಡಬೇಕೇ ಎಂಬುದು ಪ್ರಶ್ನೆ. ಮಾಹಿತಿ ಸಂಗ್ರಹಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಒಂದು ಪುಟದ ಪ್ರಶ್ನಾವಳಿ ತಯಾರಿಸಿ ಹಳೆಯ ವಿದ್ಯಾರ್ಥಿಗಳ ಕೈಗೆ ಕೊಟ್ಟೆ. ಹುಡುಗರು ಶುಕ್ರವಾರ ಜುಮಾ ನಮಾಜಿನ ನಂತರ ಮಸೀದಿಯ ಬಾಗಿಲಲ್ಲಿ ಅದನ್ನು ಹಂಚಿ, ಅಲ್ಲೇ ತುಂಬಿಸಿಕೊಂಡು ತಂದರು. ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು. ಹಾಳೆಗಳನ್ನು ಕೂಡಿಸಿ ನೋಡಿದರೆ ಬಹುಪಾಲು ಹೆಣ್ಣುಮಕ್ಕಳು ಓದುತ್ತಲೇ ಇದ್ದರು! ಎಲ್ಲರಿಗೂ ಸಂತೋಷವಾಯಿತು. ಹಣ ಕಂಪ್ಯೂಟರ್ ತರಬೇತಿಗೆ ಹೋಯಿತು.

ಆ ವರ್ಷ ಕಾಲೇಜುಗಳು ಆರಂಭವಾದ ಮೇಲೆ ಒಂದು ದಿನ ಪಕ್ಕದ ಊರಿಗೆ ಹೋಗಿದ್ದಾಗ, ಒಂದು ತೋಟದ ಮನೆಯ ಮುಂದೆ ಹೆಂಗಸರ ಜೊತೆ ಕುಳಿತು ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗಿ. ‘ಕಾಲೇಜಿಗೆ ಸೇರಲಿಲ್ಲವೇನಮ್ಮಾ?’ ಎಂದೆ. ‘ಇಲ್ಲ ಆಪಾ, ಅಮ್ಮಿ ಒಬ್ಬರೇ ದುಡಿಯೋದು’ ಎಂದಳು. ನಾವು ಪ್ರಶ್ನಾವಳಿ ಹಂಚಿದ್ದನ್ನು ನೆನಪಿಸಿದೆ. ‘ಆ ಕಾಗದ ನಮ್ಮ ಮನೆಗೆ ಬರಲೇ ಇಲ್ಲ ಆಪಾ’ ಎಂದಳು.

ಬರುವುದಾದರೂ ಹೇಗೆ? ಅವಳ ತಂದೆ ತೀರಿಹೋಗಿದ್ದರು. ಮಸೀದಿಯ ಬಾಗಿಲಲ್ಲಿ ಕಾಗದ ಪಡೆಯುವ ಗಂಡಸು ಆ ಮನೆಯಲ್ಲಿ ಇರಲಿಲ್ಲ. ಆ ಮಧ್ಯಾಹ್ನ ಬೆಂಗಳೂರಿನಲ್ಲಿ ಕೂಲಿಗೋ ಗಾಡಿ ಓಡಿಸಲಿಕ್ಕೋ ಹೋಗಿದ್ದ ತಂದೆಯರ ಮನೆಗಳೂ, ಮಸೀದಿಯಿಂದ ದೂರದ ತೋಟಗಳಲ್ಲಿ ಕಾವಲಿಗಿದ್ದವರ ಮನೆಗಳೂ ಹಾಗೆಯೇ ಬಿಟ್ಟುಹೋದವು. ಗಮನಿಸಿ: ಓದು ಬಿಡುವ ಮಕ್ಕಳು ಹೆಚ್ಚಾಗಿ ಇರುವುದು ಇಂಥ ಮನೆಗಳಲ್ಲೇ. ಹುಡುಗರು ಒಂದು ಹಾಳೆಯನ್ನೂ ಸುಳ್ಳಾಗಿ ತುಂಬಿರಲಿಲ್ಲ. ಪ್ರತಿಯೊಂದು ಉತ್ತರವೂ ನಿಜ, ಒಟ್ಟು ಉತ್ತರ ಮಾತ್ರ ಸುಳ್ಳು. ಸಮೀಕ್ಷಾ ಶಾಸ್ತ್ರದಲ್ಲಿ ಇದಕ್ಕೆ ‘ಆಯ್ಕೆಯ ಪಕ್ಷಪಾತ’ ಎನ್ನುತ್ತಾರೆ. ಇಲ್ಲಿ ಪಕ್ಷಪಾತ ಎಂದರೆ ಯಾರ ಮೇಲೋ ದ್ವೇಷ ಎಂದಲ್ಲ, ತಕ್ಕಡಿ ಒಂದು ಕಡೆಗೆ ವಾಲುವುದು ಎಂದರ್ಥ.

ನನ್ನ ತಪ್ಪಿಗೆ ದೊಡ್ಡ ದೊಡ್ಡ ಪೂರ್ವಜರಿದ್ದಾರೆ ಎಂದು ಆಮೇಲೆ ಓದುವಾಗ ತಿಳಿಯಿತು. ಅವರಲ್ಲಿ ಕೆಲವರ ಕಥೆಯನ್ನು ಕೇಳಿ.

ರಸ್ತೆಯ ಬದಿಯ ನೋಟ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನರು ಹುತಾತ್ಮರಾದರು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಸೀಮೆಯನ್ನು ಸುತ್ತಿ ಬರೆಯಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿದ. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ಬುಕಾನನ್ ಮೈಸೂರು, ಕೆನರಾ, ಮಲಬಾರ್‌ಗಳನ್ನು ಸುತ್ತಿದ. ಅವನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಚಿಕ್ಕನಾಯಕನಹಳ್ಳಿ, ಗುಬ್ಬಿ, ತುರುವೇಕೆರೆ ಎಲ್ಲವೂ ಅವನ ದಾರಿಯಲ್ಲಿ ಬಂದವು. ನಮ್ಮ ಭಾಗದ ತೆಂಗು, ರಾಗಿ, ಕೆರೆ, ಸಂತೆಗಳ ಬಗ್ಗೆ ಅಷ್ಟು ವಿವರವಾದ ಹಳೆಯ ಬರವಣಿಗೆ ಮತ್ತೊಂದು ಸಿಗುವುದು ಕಷ್ಟ. ಇತಿಹಾಸ ಬರೆಯುವವರು ಇಂದಿಗೂ ಅವನ ಪುಸ್ತಕವನ್ನು ತೆರೆಯುತ್ತಾರೆ.

ಆದರೆ ಅವನು ಯಾರನ್ನು ಕೇಳಿದ? ಪ್ರಯಾಣದ ದಾರಿಯಲ್ಲಿ ಸಿಕ್ಕ ಊರುಗಳಲ್ಲಿ ಗೌಡ, ಶಾನುಭೋಗ, ವರ್ತಕ, ಕಸುಬುದಾರರ ಮುಖಂಡ, ಇಂಥವರನ್ನು. ಅದೂ ದುಭಾಷಿಯ ಮೂಲಕ. ದಾರಿಯಿಂದ ಒಳಗಿದ್ದ ಹಳ್ಳಿ, ಕೂಲಿಯವನು, ಹೆಂಗಸರು ಅವನ ಹಿಡಿಗೆ ಸಿಕ್ಕಿದ್ದು ಕಡಿಮೆ. ಇನ್ನೊಂದು ಮಾತು. ಗೆದ್ದ ಸರ್ಕಾರದ ಅಧಿಕಾರಿಯೊಬ್ಬ ಸೇವಕರೊಡನೆ ಬಂದು, ಹಿಂದಿನ ಆಡಳಿತ ಹೇಗಿತ್ತು, ನಿಮ್ಮ ಹೊಲದಲ್ಲಿ ಎಷ್ಟು ಬೆಳೆಯುತ್ತದೆ ಎಂದು ಕೇಳಿದರೆ ಜನ ಏನು ಹೇಳಿಯಾರು? ಬೆಳೆ ಹೆಚ್ಚು ಎಂದರೆ ಕಂದಾಯ ಏರೀತು, ಹಿಂದಿನ ದೊರೆಯನ್ನು ಹೊಗಳಿದರೆ ಸಂಶಯ ಬಂದೀತು. ಜನರು ನಿಜವನ್ನು ಮುಚ್ಚಿಡುತ್ತಾರೆಂದು ಬುಕಾನನ್ನನೇ ದೂರಿದ್ದಾನೆ. ಹಾಗೆಂದು ಅವನ ಪುಸ್ತಕವನ್ನು ಎಸೆಯಬಾರದು. ಟಿಪ್ಪುವಿನ ಕಾಲದ ಬಗ್ಗೆ ಅದರಿಂದ ಒಂದು ಸಾಲನ್ನು ಎತ್ತಿ ವಾದಿಸುವವರು, ಅವರು ಯಾವ ಪಕ್ಷದವರೇ ಆಗಿರಲಿ, ಆ ಸಾಲನ್ನು ಹೇಳಿದವರು ಯಾರು, ಯಾರ ಮುಂದೆ ಹೇಳಿದರು ಎಂದು ಮೊದಲು ಕೇಳಿಕೊಳ್ಳಬೇಕು.

ಗ್ರಾಮೀಣ ಅಭಿವೃದ್ಧಿಯ ವಿದ್ವಾಂಸ ರಾಬರ್ಟ್ ಚೇಂಬರ್ಸ್ 1983ರಲ್ಲಿ ಬರೆದ ಪುಸ್ತಕದಲ್ಲಿ ಹಳ್ಳಿ ನೋಡಲು ಬರುವ ಅಧಿಕಾರಿಗಳ ಇಂಥ ವಾಲಿಕೆಗಳನ್ನು ಪಟ್ಟಿ ಮಾಡಿದ್ದಾರೆ. ಅವರು ಡಾಂಬರು ರಸ್ತೆಯ ಪಕ್ಕದ ಊರನ್ನು ನೋಡುತ್ತಾರೆ, ಮಳೆ ನಿಂತ ಮೇಲೆ ಬರುತ್ತಾರೆ, ಗಂಡಸರನ್ನೂ ಮುಖಂಡರನ್ನೂ ಮಾತಾಡಿಸುತ್ತಾರೆ, ಯೋಜನೆ ತಲುಪಿದ ಮನೆಯನ್ನೇ ನೋಡಿ ಹೋಗುತ್ತಾರೆ. ಬುಕಾನನ್ನನ ಕಾಲಕ್ಕೂ ನಮ್ಮ ಕಾಲಕ್ಕೂ ರಸ್ತೆ ಬದಲಾಗಿದೆ, ನೋಟ ಅಷ್ಟಾಗಿ ಬದಲಾಗಿಲ್ಲ.

ಸಂಖ್ಯೆ ದೊಡ್ಡದಾದರೆ ಸಾಕೇ?

‘ನೀವು ಕೆಲವೇ ಮನೆ ಕೇಳಿದ್ದಕ್ಕೆ ತಪ್ಪಾಯಿತು, ಹೆಚ್ಚು ಜನರನ್ನು ಕೇಳಿದ್ದರೆ ಸರಿಹೋಗುತ್ತಿತ್ತು’ ಎಂದು ನೀವು ಹೇಳಬಹುದು. ಈ ನಂಬಿಕೆಗೆ ಅಮೆರಿಕದಲ್ಲಿ 1936ರಲ್ಲೇ ಪೆಟ್ಟು ಬಿತ್ತು. ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ ಅಧ್ಯಕ್ಷ ಚುನಾವಣೆಗೆ ಮುನ್ನ ಸುಮಾರು 1 ಕೋಟಿ ಜನರಿಗೆ ಕಾರ್ಡು ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವುಗಳ ಆಧಾರದ ಮೇಲೆ ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡು! ಪತ್ರಿಕೆ ವಿಳಾಸಗಳನ್ನು ಪಡೆದದ್ದು ಮುಖ್ಯವಾಗಿ ಟೆಲಿಫೋನ್ ಡೈರೆಕ್ಟರಿ ಮತ್ತು ಕಾರುಗಳ ನೋಂದಣಿ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಫೋನೂ ಕಾರೂ ಇದ್ದವರು ಉಳ್ಳವರು. ಜೊತೆಗೆ ಕಾರ್ಡು ಪಡೆದವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ಉತ್ತರಿಸಲೇ ಇಲ್ಲ. ಉತ್ತರಿಸಿದವರಿಗೂ ಉತ್ತರಿಸದವರಿಗೂ ಅಭಿಪ್ರಾಯದಲ್ಲಿ ವ್ಯತ್ಯಾಸವಿತ್ತು. ಅದೇ ಚುನಾವಣೆಯಲ್ಲಿ ಇದಕ್ಕಿಂತ ಬಹಳ ಚಿಕ್ಕ ನಮೂನೆ ಹಿಡಿದ ಜಾರ್ಜ್ ಗ್ಯಾಲಪ್ ಅವರ ಊಹೆ ಸರಿಯಾಯಿತು.

ವಾಲಿದ ತಕ್ಕಡಿಯಲ್ಲಿ ಒಂದು ಸೇರು ತೂಗಿದರೂ ತಪ್ಪು, ನೂರು ಮೂಟೆ ತೂಗಿದರೂ ತಪ್ಪು. ಮೂಟೆ ಹೆಚ್ಚಾದಂತೆ ನಮಗೆ ಧೈರ್ಯ ಹೆಚ್ಚುತ್ತದೆ, ಅಷ್ಟೇ.

ಗದ್ದೆಯ ಅಂಚಿನ ಪೈರು

ಈ ವಿದ್ಯೆಯಲ್ಲಿ ಭಾರತದ ಕೊಡುಗೆ ಬಹಳ ದೊಡ್ಡದು. ಪ್ರಶಾಂತಚಂದ್ರ ಮಹಲನೋಬಿಸ್ 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. 1937ರಿಂದ ಬಂಗಾಳದಲ್ಲಿ ಸೆಣಬಿನ ಬೆಳೆಯ ಮಾದರಿ ಸಮೀಕ್ಷೆಗಳನ್ನು ನಡೆಸಿದರು. ಅವರ ಪ್ರಯತ್ನದಿಂದಲೇ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು.

ಬೆಳೆಯ ಇಳುವರಿ ತಿಳಿಯಲು ಒಂದು ಗದ್ದೆಯಲ್ಲಿ ಗುರುತು ಮಾಡಿದ ಚಿಕ್ಕ ತುಂಡನ್ನು ಕೊಯ್ದು ತೂಗುತ್ತಾರೆ. ತುಂಡು ತೀರಾ ಚಿಕ್ಕದಾದರೆ ಇಳುವರಿ ನಿಜಕ್ಕಿಂತ ಹೆಚ್ಚು ಬರುತ್ತಿತ್ತು. ಏಕೆ? ಗೆರೆಯ ಮೇಲೆ ನಿಂತ ಪೈರನ್ನು ಒಳಗೆ ಸೇರಿಸಬೇಕೇ ಹೊರಗೆ ಬಿಡಬೇಕೇ ಎಂಬ ಸಂಶಯ ಬಂದಾಗ ಕೊಯ್ಯುವವನ ಕೈ ಒಳಕ್ಕೇ ಎಳೆದುಕೊಳ್ಳುತ್ತದೆ. ಚಿಕ್ಕ ತುಂಡಿನಲ್ಲಿ ಒಳಗಿನ ಜಾಗಕ್ಕೆ ಹೋಲಿಸಿದರೆ ಅಂಚು ಹೆಚ್ಚು. ಹಾಗಾಗಿ ತಪ್ಪೂ ಹೆಚ್ಚು. ತುಂಡು ಎಷ್ಟು ದೊಡ್ಡದಿರಬೇಕು ಎಂಬುದರ ಮೇಲೆ ಮಹಲನೋಬಿಸ್ ಮತ್ತು ಪಿ. ವಿ. ಸುಖಾತ್ಮೆ ಅವರ ನಡುವೆ ದೀರ್ಘ ವಾದವೇ ನಡೆಯಿತು. ಇಲ್ಲಿ ಮೋಸ ಮಾಡುವ ಉದ್ದೇಶ ಯಾರಿಗೂ ಇಲ್ಲ ಎಂಬುದನ್ನು ನೆನಪಿಡಿ. ಮನುಷ್ಯನ ಕೈಗೆ ತನ್ನದೇ ಒಂದು ಒಲವು ಇದೆ.

ನಮ್ಮ ತೋಟಕ್ಕೇ ಬನ್ನಿ. ‘ನಿಮ್ಮ ತೋಟದಲ್ಲಿ ಒಂದು ಮರಕ್ಕೆ ಎಷ್ಟು ಕಾಯಿ?’ ಎಂದು ಕೇಳಿದರೆ ರೈತ ನಿಮ್ಮನ್ನು ಕರೆದೊಯ್ಯುವುದು ಬಾವಿಯ ಬಳಿಯ ಮರಕ್ಕೆ. ನೀರು ಕಾಣದೆ ಸೊರಗಿದ, ನುಸಿ ಹಿಡಿದ ಮೂಲೆಯ ಮರಕ್ಕಲ್ಲ. ಬೆಳೆ ಪರಿಹಾರದವರು ಬಂದ ದಿನ ಅದೇ ರೈತ ಮೂಲೆಯ ಮರವನ್ನೇ ಮೊದಲು ತೋರಿಸುತ್ತಾನೆ. ಎರಡೂ ಮರಗಳು ನಿಜ. ಆದ್ದರಿಂದ ಮರವನ್ನು ರೈತನೂ ಆರಿಸಬಾರದು, ಅಧಿಕಾರಿಯೂ ಆರಿಸಬಾರದು. ಎಲ್ಲ ಮರಗಳಿಗೂ ಸಂಖ್ಯೆ ಕೊಟ್ಟು ಚೀಟಿ ಎತ್ತಬೇಕು. ಪ್ರತಿ ಮರಕ್ಕೂ ಆಯ್ಕೆಯಾಗುವ ಅವಕಾಶ ಇರಬೇಕು, ಆ ಅವಕಾಶ ಎಷ್ಟೆಂಬುದು ಮೊದಲೇ ಗೊತ್ತಿರಬೇಕು. ‘ಯಾದೃಚ್ಛಿಕ ಆಯ್ಕೆ’ ಎಂಬ ಕಠಿಣ ಪದದ ಸರಳ ಅರ್ಥ ಇದೇ.

ಸಾವಿರಕ್ಕೆ ಐದು

ಈಗ ನಮ್ಮ ರಾಜ್ಯದ, ನಮ್ಮ ಸಮುದಾಯಕ್ಕೂ ಸಂಬಂಧಿಸಿದ ಒಂದು ಪ್ರಕರಣ ನೋಡೋಣ. ಹಿಂದುಳಿದ ವರ್ಗಗಳನ್ನು ಗುರುತಿಸಲು ಮೈಸೂರು ಸರ್ಕಾರ 1960ರಲ್ಲಿ ಡಾ. ಆರ್. ನಾಗನಗೌಡ ಸಮಿತಿಯನ್ನು ನೇಮಿಸಿತು. 1961ರ ಮೇ ತಿಂಗಳಲ್ಲಿ ವರದಿ ಬಂತು. ಶೈಕ್ಷಣಿಕ ಹಿಂದುಳಿದಿರುವಿಕೆಯನ್ನು ಅಳೆಯಲು ಸಮಿತಿ ಹಿಡಿದ ಮಾನದಂಡ ಸರಳವಾಗಿತ್ತು: ಒಂದು ಸಮುದಾಯದ ಸಾವಿರ ಜನರಿಗೆ ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಎಷ್ಟು ಮಂದಿ ವಿದ್ಯಾರ್ಥಿಗಳಿದ್ದಾರೆ? ರಾಜ್ಯದ ಸರಾಸರಿ 6.9. ಮುಸ್ಲಿಮರ ಸರಾಸರಿ ಸುಮಾರು 5. ಈ ಅಂಕಿಗಳ ಆಧಾರದ ಮೇಲೆ ಸರ್ಕಾರ 1962ರ ಜುಲೈನಲ್ಲಿ ಹೊರಡಿಸಿದ ಆದೇಶದಲ್ಲಿ 7.1 ಸರಾಸರಿಯ ಸಮುದಾಯವೂ ಹಿಂದುಳಿದ ಪಟ್ಟಿಗೆ ಸೇರಿತ್ತು. ಎಂ. ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದೇ ವರ್ಷ ಆ ಆದೇಶವನ್ನು ರದ್ದುಪಡಿಸಿತು. ಸರಾಸರಿಯ ಆಸುಪಾಸಿನಲ್ಲಿರುವವರನ್ನಲ್ಲ, ಅದಕ್ಕಿಂತ ಬಹಳ ಕೆಳಗಿರುವವರನ್ನು ಮಾತ್ರ ಹಿಂದುಳಿದವರೆನ್ನಬೇಕು ಎಂದಿತು. ದಶಮಾಂಶದ ಒಂದು ಅಂಕಿಯ ಮೇಲೆ ಸಾವಿರಾರು ಮಕ್ಕಳ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳು ತೂಗಾಡಿದವು.

ಇತಿಹಾಸದ ವಿದ್ಯಾರ್ಥಿಗಳಾಗಿ ನಾವು ಆ ‘ಐದು’ ಎಂಬ ಅಂಕಿಯ ಒಳಗೆ ಕೈ ಹಾಕಿ ನೋಡೋಣ. ಮೊದಲನೆಯದಾಗಿ, ಸ್ವತಂತ್ರ ಭಾರತದ 1951ರ ಜನಗಣತಿಯಲ್ಲಿ ಎಲ್ಲ ಜಾತಿಗಳ ಲೆಕ್ಕ ತೆಗೆಯಲಿಲ್ಲ. 1956ರಲ್ಲಿ ಬೇರೆ ಬೇರೆ ಆಡಳಿತಗಳ ಪ್ರದೇಶಗಳು ಸೇರಿ ಹೊಸ ರಾಜ್ಯವಾಗಿತ್ತು. ಹಾಗಾಗಿ ಅನೇಕ ಸಮುದಾಯಗಳ ‘ಸಾವಿರ ಜನ’ ಎಂಬುದೇ ಅಂದಾಜು. ಭಾಜಕ ಅಂದಾಜಾದರೆ ಭಾಗಲಬ್ಧ ಖಚಿತವಾಗುವುದು ಹೇಗೆ? ಎರಡನೆಯದಾಗಿ, ಪ್ರೌಢಶಾಲೆಗಳಿದ್ದುದು ಹೆಚ್ಚಾಗಿ ಪಟ್ಟಣಗಳಲ್ಲಿ. ಮುಸ್ಲಿಮರಲ್ಲಿ ಪಟ್ಟಣವಾಸಿಗಳ ಪ್ರಮಾಣ ಹೆಚ್ಚು. ಪಟ್ಟಣದ ವ್ಯಾಪಾರಿಯ ಮಗ ಮತ್ತು ಹಳ್ಳಿಯ ಕೂಲಿಯ ಮಗಳು ಒಂದೇ ಸರಾಸರಿಯಲ್ಲಿ ಬೆರೆತಾಗ, ಹಳ್ಳಿಯ ಮನೆಗಳ ಸೊನ್ನೆ ಪಟ್ಟಣದ ಅಂಕಿಯ ಹಿಂದೆ ಅಡಗುತ್ತದೆ. ಮೂರನೆಯದಾಗಿ, ಗಂಡು ಹೆಣ್ಣು ಬೇರೆ ಮಾಡದ ಅಂಕಿ ಹೆಣ್ಣಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಸಮಿತಿಯನ್ನು ದೂರಲು ಇದನ್ನು ಹೇಳುತ್ತಿಲ್ಲ. ಅವರ ಕೈಯಲ್ಲಿದ್ದ ಸಾಮಗ್ರಿ ಅಷ್ಟೇ. ಮುಂದೆ ಬಂದ ಎಲ್. ಜಿ. ಹಾವನೂರ್ ಆಯೋಗ (1972–75) ಎಸ್ಸೆಸ್ಸೆಲ್ಸಿ ಅಂಕಿಗಳ ಜೊತೆಗೆ ತಾನೇ ಸಾಮಾಜಿಕ, ಆರ್ಥಿಕ ಸಮೀಕ್ಷೆಯನ್ನೂ ಮಾಡಿಸಿತು. 1983ರಲ್ಲಿ ನೇಮಕವಾದ ವೆಂಕಟಸ್ವಾಮಿ ಆಯೋಗ ಮನೆ ಮನೆಗೆ ಜನರನ್ನು ಕಳುಹಿಸಿತು.

ಮೇಲಿನ ಜಗುಲಿಯಿಂದ ಕಂಡ ಊರು

ಪ್ರಸಿದ್ಧ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ಮಾಡಿದರು. ಅದಕ್ಕೆ ‘ರಾಂಪುರ’ ಎಂಬ ಹೆಸರಿಟ್ಟು 1976ರಲ್ಲಿ ಪುಸ್ತಕ ತಂದರು. ಅವರಿಗೆ ಆಸರೆ ಕೊಟ್ಟವರು ಊರಿನ ಪಟೇಲರು. ಜೊತೆಗಿದ್ದವರು ಮೇಲಿನ ಜಾತಿಗಳವರು. ತಾವು ಊರನ್ನು ಕಂಡದ್ದು ಹೆಚ್ಚಾಗಿ ಮೇಲುಜಾತಿಯವರ ಕಣ್ಣಿನಿಂದ ಎಂದು ಶ್ರೀನಿವಾಸ್ ಅವರೇ ಒಪ್ಪಿಕೊಂಡಿದ್ದಾರೆ. ಒಬ್ಬ ದೊಡ್ಡ ವಿದ್ವಾಂಸ ತನ್ನ ನೋಟದ ಮಿತಿಯನ್ನು ತಾನೇ ಬರೆದಿಡುವುದು ಆ ಪುಸ್ತಕದ ಬೆಲೆಯನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ಬಿ.ಎಡ್. ಓದುವ ಗೆಳೆಯರು ಈ ಪಾಠವನ್ನು ವಿಶೇಷವಾಗಿ ಗಮನಿಸಬೇಕು.

ಕಣ್ಣಿಗೆ ಬಿದ್ದದ್ದೇ ಲೆಕ್ಕವಲ್ಲ

ಸಮೀಕ್ಷೆಯೇ ಬೇಡ, ಕಣ್ಣಾರೆ ಕಂಡದ್ದು ಸಾಲದೇ ಎನ್ನುವವರಿಗೂ ಒಂದು ಉದಾಹರಣೆ ಇದೆ. ಮುಸ್ಲಿಮರ ಮಕ್ಕಳೆಲ್ಲ ಮದರಸಾಗಳಲ್ಲೇ ಓದುತ್ತಾರೆ ಎಂದು ಅನೇಕರು ನಂಬಿದ್ದರು. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರ ನವೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿ, ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾಗಳಲ್ಲಿ ಓದುವವರು ಸುಮಾರು ಶೇ. 3 ಮಾತ್ರ ಎಂದು ತೋರಿಸಿತು. ಬೆಳಿಗ್ಗೆ ಸಂಜೆ ಕುರ್‌ಆನ್ ಓದಲು ಮಕ್ತಬಿಗೆ ಹೋಗಿ ಹಗಲು ಶಾಲೆಗೆ ಹೋಗುವ ಮಕ್ಕಳನ್ನೂ ಜನ ಮದರಸಾ ಮಕ್ಕಳೆಂದೇ ಎಣಿಸುತ್ತಿದ್ದರು. ಟೋಪಿ ಹಾಕಿ ಹೋಗುವ ಮಗು ಕಣ್ಣಿಗೆ ಬೀಳುತ್ತದೆ. ಅದೇ ಮಗು ಸಮವಸ್ತ್ರ ತೊಟ್ಟು ಎಲ್ಲರ ಜೊತೆ ಬಸ್ ಹತ್ತಿದಾಗ ಯಾರೂ ಎಣಿಸುವುದಿಲ್ಲ.

ಇದು ನಮ್ಮ ಮೇಲೆ ಬೇರೆಯವರು ಮಾಡಿದ ತಪ್ಪು ಎಂದು ಸುಮ್ಮನಾಗಬೇಡಿ. ನಮ್ಮ ವಾರ್ಷಿಕ ಸಮಾರಂಭದಲ್ಲಿ ವೇದಿಕೆಗೆ ಬಂದು ಬಹುಮಾನ ಪಡೆವ ಮಕ್ಕಳನ್ನು ಕಂಡು ‘ನಮ್ಮ ಸಮುದಾಯ ಈಗ ಬಹಳ ಮುಂದುವರಿದಿದೆ’ ಎಂದು ಚಪ್ಪಾಳೆ ತಟ್ಟುವಾಗ ನಾವೂ ಅದೇ ತಪ್ಪು ಮಾಡುತ್ತೇವೆ. ಓದು ಬಿಟ್ಟ ಮಗು ಸಮಾರಂಭಕ್ಕೆ ಬರುವುದಿಲ್ಲ.

ಮುಚ್ಚಿದ ಬಾಗಿಲು

2015ರಲ್ಲಿ ನಮ್ಮ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. 2025ರ ಸೆಪ್ಟೆಂಬರ್ 22ರಿಂದ ಮತ್ತೆ ಹೊಸದಾಗಿ ನಡೆಯಿತು. ಇವು ನಮೂನೆಯಲ್ಲ, ಎಲ್ಲ ಮನೆಗಳನ್ನೂ ತಲುಪಲು ಹೊರಟವು. ಮನೆ ಮನೆಗೆ ಹೋದ ಗಣತಿದಾರರಲ್ಲಿ ಬಹುಪಾಲು ಶಿಕ್ಷಕರೇ. ಎಲ್ಲರನ್ನೂ ಕೇಳಲು ಹೊರಟರೂ ವಾಲಿಕೆ ತಪ್ಪುವುದಿಲ್ಲ ಎಂಬುದಕ್ಕೆ ಇವೇ ಸಾಕ್ಷಿ. ಭಾಗವಹಿಸುವುದು ಜನರ ಇಚ್ಛೆಗೆ ಬಿಟ್ಟದ್ದು, ಮಾಹಿತಿ ಗೋಪ್ಯವಾಗಿರಬೇಕು ಎಂದು ಹೈಕೋರ್ಟು 2025ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಬೆಂಗಳೂರಿನಲ್ಲಿ ಅನೇಕರು ಉತ್ತರಿಸಲು ಒಪ್ಪಲಿಲ್ಲ. ಉತ್ತರಿಸದವರು ಎಲ್ಲ ವರ್ಗಗಳಲ್ಲೂ ಒಂದೇ ಪ್ರಮಾಣದಲ್ಲಿದ್ದರೆ ತೊಂದರೆ ಕಡಿಮೆ. ಒಂದು ವರ್ಗದವರೇ ಹೆಚ್ಚಾಗಿ ಬಾಗಿಲು ಮುಚ್ಚಿದರೆ ಚಿತ್ರವೇ ಬದಲಾಗುತ್ತದೆ. ಭಯದಿಂದಲೋ ಉದಾಸೀನದಿಂದಲೋ ಬಾಗಿಲು ಹಾಕಿಕೊಂಡ ಮನೆ, ಆಮೇಲೆ ‘ನಮ್ಮನ್ನು ಯಾರೂ ಎಣಿಸಲಿಲ್ಲ’ ಎಂದು ದೂರಿದರೆ ಅರ್ಧ ಹೊಣೆ ಆ ಮನೆಯದೂ ಹೌದು.

ಮತ್ತೆ ದಬ್ಬೇಘಟ್ಟಕ್ಕೆ

ಆ ಹುಡುಗಿಯ ಮಾತು ಕೇಳಿದ ಮೇಲೆ ನಾನು ಹಿರಿಯರ ಬಳಿ ಹೋಗಿ, ನನ್ನ ಲೆಕ್ಕ ತಪ್ಪು, ಮತ್ತೊಮ್ಮೆ ಮಾಡುತ್ತೇವೆ ಎಂದು ಕೇಳಿಕೊಂಡೆ. ಈ ಸಲ ಮೊದಲು ಮನೆಗಳ ಪಟ್ಟಿ ಮಾಡಿದೆವು. ಊರೊಳಗಿನ ಮನೆ, ತೋಟದ ಮನೆ, ಬಾಡಿಗೆಗೆ ಹೊಸದಾಗಿ ಬಂದವರ ಮನೆ, ಎಲ್ಲವನ್ನೂ ಬರೆದು ಚೀಟಿ ಎತ್ತಿದೆವು. ಹೆಣ್ಣುಮಕ್ಕಳನ್ನೂ ಜೊತೆಗೆ ಕರೆದುಕೊಂಡು ಸಂಜೆ, ಕೂಲಿ ಮುಗಿಸಿ ಹೆಂಗಸರು ಮನೆಗೆ ಬಂದ ಮೇಲೆ ಹೋದೆವು. ಬೀಗ ಹಾಕಿದ್ದ ಮನೆಯ ಬದಲು ಪಕ್ಕದ ಮನೆಯನ್ನು ಕೇಳದೆ, ಮತ್ತೆ ಎರಡು ಸಲ ಅದೇ ಮನೆಗೆ ಹೋದೆವು. ‘ಮಗಳು ಓದುತ್ತಿದ್ದಾಳೆಯೇ?’ ಎಂದು ಕೇಳಿದರೆ ಮರ್ಯಾದೆಗೆ ಅಂಜಿ ‘ಹೌದು’ ಎನ್ನುವವರಿದ್ದರು. ಆದ್ದರಿಂದ ‘ಈಗ ಯಾವ ಕಾಲೇಜು, ಯಾವ ತರಗತಿ?’ ಎಂದು ಕೇಳಿದೆವು. ಒಂದು ಮಧ್ಯಾಹ್ನದ ಕೆಲಸ ಮೂರು ವಾರ ಹಿಡಿಯಿತು. ಉತ್ತರ ಬೇರೆಯೇ ಬಂತು. ಓದು ಬಿಟ್ಟ ಹೆಣ್ಣುಮಕ್ಕಳು ನಾವು ಎಣಿಸಿದ್ದಕ್ಕಿಂತ ಬಹಳ ಹೆಚ್ಚಿದ್ದರು. ಮರುವರ್ಷ ಹಣದ ಒಂದು ಭಾಗ ಅವರ ಶುಲ್ಕಕ್ಕೂ ಬಸ್ ಪಾಸಿಗೂ ಹೋಯಿತು. ಆ ಹುಡುಗಿ ಮಾತ್ರ ಒಂದು ವರ್ಷ ಕಳೆದುಕೊಂಡಳು. ಆ ವರ್ಷವನ್ನು ನಾನು ಅವಳಿಗೆ ಹಿಂದಿರುಗಿಸಲಾರೆ.

ವಿದ್ಯಾರ್ಥಿ ಮಿತ್ರರೇ, ನೀವು ನಾಳೆ ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡುತ್ತೀರಿ, ಪತ್ರಿಕೆಯಲ್ಲಿ ಶೇಕಡಾವಾರು ಅಂಕಿಗಳನ್ನು ಓದುತ್ತೀರಿ. ಯಾವ ಅಂಕಿ ಕಂಡರೂ ನಾಲ್ಕು ಪ್ರಶ್ನೆ ಕೇಳಿ. ಯಾರನ್ನು ಕೇಳಿದರು? ಯಾವ ಪಟ್ಟಿಯಿಂದ ಆರಿಸಿದರು? ಯಾರು ಉತ್ತರಿಸಲಿಲ್ಲ? ಕೇಳಿದವರು ಯಾರು, ಎಲ್ಲಿ ನಿಂತು ಕೇಳಿದರು? ನಮಗೆ ಹಿತವಾದ ಅಂಕಿ ಬಂದಾಗ ಈ ಪ್ರಶ್ನೆಗಳನ್ನು ಇನ್ನೂ ಬಿಗಿಯಾಗಿ ಕೇಳಿ, ಏಕೆಂದರೆ ಆಗಲೇ ನಾವು ಕೇಳುವುದನ್ನು ಮರೆಯುವುದು.

ಒಂದು ಅಗುಳು ಸಾಕು ಎಂದ ಹಿರಿಯರು ಸುಳ್ಳು ಹೇಳಲಿಲ್ಲ. ಆದರೆ ಅದಕ್ಕೆ ಮೊದಲು ಸೌಟನ್ನು ತಳದವರೆಗೂ ಇಳಿಸಿ ಒಮ್ಮೆ ಕದಡಿ ನೋಡೋಣ.